ಗೇಜಿನ ಮುಳ್ಳು ಸುಳ್ಳು ಹೇಳಿದರೆ? ಹಳೆಯ ಹಾಲು ಕರೆಯುವ ಯಂತ್ರವನ್ನು ಪರೀಕ್ಷಿಸುವ ಕ್ರಮ

ನಮ್ಮ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳ ಹಲವು ಸದಸ್ಯೆಯರ ಕೊಟ್ಟಿಗೆಯಲ್ಲಿ ಈಗ ಹಾಲು ಕರೆಯುವ ಯಂತ್ರವಿದೆ. ಬೆಳಿಗ್ಗೆ ಸಂಜೆ ಐದಾರು ಹಸುಗಳನ್ನು ಕೈಯಲ್ಲೇ ಕರೆದು ಬೆರಳ ಗಂಟು ನೋಯಿಸಿಕೊಂಡ ಅಕ್ಕಂದಿರಿಗೆ ಅದು ದೊಡ್ಡ ಆಸರೆ. ಆದರೆ ಯಂತ್ರಕ್ಕೆ ಐದಾರು ವರ್ಷ ವಯಸ್ಸಾದ ಮೇಲೆ ಪಶುವೈದ್ಯರಿಗೆ ಬರುವ ಕರೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: “ಡಾಕ್ಟ್ರೇ, ಮೀಟರ್ ಮುಳ್ಳು ಮೇಲಕ್ಕೆ ಹೋಗ್ತಾ ಇಲ್ಲ. ತಿರುಪು ಸ್ವಲ್ಪ ಬಿಗಿ ಮಾಡ್ಲಾ?”

ಬೇಡ, ಬಿಗಿ ಮಾಡಬೇಡಿ. ಮುಳ್ಳು ಕೆಳಗಿದೆ ಎಂದರೆ ಯಂತ್ರದ ಸೆಳೆತ ಕಡಿಮೆಯಾಗಿರಬಹುದು. ಸೆಳೆತ ಸರಿಯಾಗಿಯೇ ಇದ್ದು ಮುಳ್ಳೇ ಸುಳ್ಳು ಹೇಳುತ್ತಿರಲೂಬಹುದು. ಇವೆರಡರಲ್ಲಿ ಯಾವುದು ಎಂದು ತಿಳಿಯದೆ ತಿರುಪು ಮುಟ್ಟಿದರೆ ಅದರ ಪೆಟ್ಟು ಬೀಳುವುದು ಹಸುವಿನ ಮೊಲೆತೊಟ್ಟಿನ ಮೇಲೆ. ಎರಡನ್ನೂ ಬೇರ್ಪಡಿಸಿ ತಿಳಿಯುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇದರಲ್ಲಿ ಹೆಚ್ಚಿನ ಪರೀಕ್ಷೆಗಳನ್ನು ನೀವೇ ಮಾಡಬಹುದು.

ಹಳೆಯ ಗಾಡಿಯ ಆಯಿಲ್ ದೀಪದ ಪಾಠ

ಹಾಲಿನ ಕ್ಯಾನು ಹೊತ್ತೊಯ್ಯುವ ಹಳೆಯ ಪಿಕಪ್ ಗಾಡಿಯ ಚಾಲಕರನ್ನು ಕೇಳಿ ನೋಡಿ. ದಾರಿಯಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿಕೊಂಡರೆ ತಿಳಿದ ಚಾಲಕ ಮೊದಲು ಇಂಜಿನ್ ನಿಲ್ಲಿಸುತ್ತಾನೆ. ಅಳತೆ ಕಡ್ಡಿ ಎಳೆದು ಆಯಿಲ್ ಎಷ್ಟಿದೆ ನೋಡುತ್ತಾನೆ. ಆಯಿಲ್ ಸರಿಯಾಗಿದ್ದರೆ, ಇಂಜಿನ್ನಿಗೆ ಕೂರಿಸಿರುವ ಒತ್ತಡದ ಸ್ವಿಚ್ ಕೆಟ್ಟಿದೆಯೋ, ಅದರ ವಯರ್ ಸವೆದಿದೆಯೋ, ಅಥವಾ ನಿಜಕ್ಕೂ ಒತ್ತಡ ಬಿದ್ದಿದೆಯೋ ಎಂಬ ಪ್ರಶ್ನೆ ಉಳಿಯುತ್ತದೆ. ಮೆಕ್ಯಾನಿಕ್ ಆ ಸ್ವಿಚ್ ಬಿಚ್ಚಿ, ಅದೇ ಜಾಗಕ್ಕೆ ತನ್ನ ಪರೀಕ್ಷಾ ಗೇಜ್ ಹಾಕಿ ನೋಡುತ್ತಾನೆ. ಆಗ ಸತ್ಯ ಹೊರಬರುತ್ತದೆ.

ಈ ಕ್ರಮ ಬಿಟ್ಟವರಿಗೆ ಎರಡು ಬಗೆಯ ನಷ್ಟವಿದೆ. “ಹಳೇ ಗಾಡಿ, ದೀಪ ಸುಮ್ನೆ ಉರಿಯುತ್ತೆ” ಎಂದು ಓಡಿಸಿದವರ ಇಂಜಿನ್ ಕಚ್ಚಿಕೊಳ್ಳುತ್ತದೆ. ದೀಪವನ್ನು ಕಣ್ಣು ಮುಚ್ಚಿ ನಂಬಿದವರು ಚೆನ್ನಾಗಿರುವ ಇಂಜಿನ್ ಬಿಚ್ಚಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಹಾಲು ಕರೆಯುವ ಯಂತ್ರದ ಗೇಜಿಗೂ ಇದೇ ಲೆಕ್ಕ. ವ್ಯತ್ಯಾಸ ಒಂದೇ: ಇಲ್ಲಿ ಕೆಡುವುದು ಕಬ್ಬಿಣವಲ್ಲ, ಕೆಚ್ಚಲು.

ಗೇಜ್ ಅಳೆಯುವುದು ಏನನ್ನು?

ಎಳನೀರಿಗೆ ಸ್ಟ್ರಾ ಹಾಕಿ ಹೀರುವಾಗ ಬಾಯಲ್ಲಿ ಉಂಟಾಗುವ ಸೆಳೆತವೇ ವ್ಯಾಕ್ಯೂಮ್, ಅಂದರೆ ನಿರ್ವಾತ. ಯಂತ್ರದ ಪಂಪು ಪೈಪು ಮತ್ತು ಬಕೆಟ್ಟಿನೊಳಗಿನ ಗಾಳಿಯನ್ನು ಹೊರಗೆಳೆದು ಈ ಸೆಳೆತವನ್ನು ಉಂಟುಮಾಡುತ್ತದೆ. ಪಂಪು ಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತದೆ. ಹೆಚ್ಚಾದದ್ದನ್ನು ಸರಿದೂಗಿಸಲು ರೆಗ್ಯುಲೇಟರ್ ಎಂಬ ಭಾಗ ಹೊರಗಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಒಳಬಿಡುತ್ತಿರುತ್ತದೆ. ಯಂತ್ರ ಸರಿಯಾಗಿ ಓಡುವಾಗ ರೆಗ್ಯುಲೇಟರ್ ಹತ್ತಿರ “ಸ್ಸ್…” ಎಂದು ಗಾಳಿಯ ಸದ್ದು ಕೇಳುವುದು ಇದರಿಂದಲೇ. ಈ ಸದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಹಸುಗಳಿಗೆ ಬಳಸುವ ಬಕೆಟ್ ಯಂತ್ರಗಳಲ್ಲಿ ಸೆಳೆತ ಸಾಮಾನ್ಯವಾಗಿ 40ರಿಂದ 50 ಕಿಲೋಪ್ಯಾಸ್ಕಲ್ ನಡುವೆ ಇರುತ್ತದೆ. ನಿಮ್ಮ ಯಂತ್ರಕ್ಕೆ ನಿಗದಿಯಾದ ಅಂಕಿ ಅದರ ಕೈಪಿಡಿಯಲ್ಲಿದೆ. ಒಂದು ಎಚ್ಚರಿಕೆ: ಗೇಜಿನ ಮುಖದ ಮೇಲೆ ಹಲವು ಸಲ ಎರಡು ಸಾಲು ಅಂಕಿಗಳಿರುತ್ತವೆ. ಒಂದು ಕಿಲೋಪ್ಯಾಸ್ಕಲ್, ಇನ್ನೊಂದು ಪಾದರಸದ ಇಂಚು ಅಥವಾ ಮಿಲಿಮೀಟರ್. 44 ಕಿಲೋಪ್ಯಾಸ್ಕಲ್ ಎಂದರೆ ಸುಮಾರು 13 ಇಂಚು, ಅಥವಾ 330 ಮಿಲಿಮೀಟರ್. 50 ಕಿಲೋಪ್ಯಾಸ್ಕಲ್ ಎಂದರೆ ಸುಮಾರು 15 ಇಂಚು, ಅಥವಾ 375 ಮಿಲಿಮೀಟರ್. ಇಂಚಿನ ಸಾಲಿನಲ್ಲಿ 13 ನೋಡಿ “ಅಯ್ಯೋ, 44 ಇಲ್ಲವಲ್ಲ” ಎಂದು ಗಾಬರಿಯಾಗುವವರೂ ಇದ್ದಾರೆ. ನಿಮ್ಮ ಗೇಜಿನಲ್ಲಿ ಯಾವ ಸಾಲು ನೋಡಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಸರಿಯಾದ ಅಂಕಿಯ ಎದುರು ಗಾಜಿನ ಮೇಲೆ ಕೆಂಪು ನೇಲ್‌ಪಾಲಿಶ್‌ನಿಂದ ಒಂದು ಗೆರೆ ಎಳೆದರೆ ಮನೆಯಲ್ಲಿ ಯಾರು ಯಂತ್ರ ಹಾಕಿದರೂ ತಪ್ಪಾಗುವುದಿಲ್ಲ.

ಗೇಜಿನೊಳಗೆ ಏನಿದೆ?

ಒಳಗೆ ಬಾಗಿದ ಒಂದು ತೆಳು ಲೋಹದ ಕೊಳವೆ ಇದೆ. ಸೆಳೆತ ಹೆಚ್ಚಾದಾಗ ಅದು ಇನ್ನಷ್ಟು ಬಾಗುತ್ತದೆ, ಕಡಿಮೆಯಾದಾಗ ಬಿಚ್ಚಿಕೊಳ್ಳುತ್ತದೆ. ಅದರ ತುದಿಗೆ ಸಣ್ಣ ಸರಳು, ಸರಳಿಗೆ ಹಲ್ಲುಚಕ್ರ, ಚಕ್ರಕ್ಕೆ ಮುಳ್ಳು. ಫ್ರಾನ್ಸ್‌ನ ಯೂಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಈ ವಿಧಾನ ಇಂದಿಗೂ ಹೆಚ್ಚು ಬದಲಾಗಿಲ್ಲ.

ಕೊಟ್ಟಿಗೆ ಇಂಥ ನಾಜೂಕಾದ ವಸ್ತುವಿಗೆ ಒಳ್ಳೆಯ ಜಾಗವಲ್ಲ. ಗಂಜಲದ ಆವಿ, ತೊಳೆಯುವ ನೀರು, ಹೊಟ್ಟಿನ ಧೂಳು ಎಲ್ಲವೂ ಅಲ್ಲಿವೆ. ಹಸು ಒದ್ದು ಬೀಳಿಸಿದರೆ ಕೊಳವೆ ಸೊಟ್ಟಗಾಗುತ್ತದೆ. ತೇವ ಹೊಕ್ಕರೆ ಹಲ್ಲುಚಕ್ರಕ್ಕೆ ತುಕ್ಕು ಹಿಡಿಯುತ್ತದೆ. ಬಕೆಟ್ ತುಂಬಿ ಹಾಲು ಮೇಲೆ ಎಳೆದುಕೊಂಡರೆ ಗೇಜಿನ ಬಾಯಿಯ ಸಣ್ಣ ತೂತಿನಲ್ಲಿ ಹಾಲು ಒಣಗಿ ಕಟ್ಟಿಕೊಳ್ಳುತ್ತದೆ. ಹೀಗೆ ಗೇಜ್ ಕೆಟ್ಟರೂ ಯಂತ್ರ ನಿಲ್ಲುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಮೊದಲು ಗೇಜನ್ನೇ ಪರೀಕ್ಷಿಸಿ

ಅನುಮಾನ ಬಂದ ಹೊತ್ತಿನಲ್ಲಿ ಯಂತ್ರವನ್ನು ಹಸುವಿಗೆ ಹಾಕಬೇಡಿ. ಆ ಒಂದು ಹೊತ್ತು ಕೈಯಲ್ಲೇ, ಹೆಬ್ಬೆರಳು ಮಡಚದೆ ಪೂರ್ತಿ ಮುಷ್ಟಿಯಿಂದ ಕರೆಯಿರಿ. ಆಮೇಲೆ ಈ ಕ್ರಮದಲ್ಲಿ ನೋಡಿ.

ಒಂದು: ಯಂತ್ರ ನಿಂತಿರುವಾಗ, ಬಕೆಟ್ಟಿನ ಮುಚ್ಚಳ ತೆಗೆದಿರುವಾಗ ಮುಳ್ಳು ಸೊನ್ನೆಯಲ್ಲಿರಬೇಕು. ನಿಂತಾಗಲೇ 6 ಅಥವಾ 8 ತೋರಿಸಿದರೆ ಗೇಜ್ ತಪ್ಪು. ಓಡುವಾಗ ಅದು ತೋರಿಸುವ 44ರಲ್ಲಿ ನಿಜವಾದ ಸೆಳೆತ ಅಷ್ಟಿರುವುದಿಲ್ಲ.

ಎರಡು: ಮುಳ್ಳು ಸೊನ್ನೆಯಲ್ಲಿದ್ದ ಮಾತ್ರಕ್ಕೆ ಗೇಜ್ ಸರಿ ಎನ್ನುವಂತಿಲ್ಲ. ಹಲವು ಗೇಜುಗಳಲ್ಲಿ ಸೊನ್ನೆಯ ಹತ್ತಿರ ಒಂದು ಸಣ್ಣ ಮೊಳೆ ಮುಳ್ಳನ್ನು ತಡೆದಿರುತ್ತದೆ. ಸೊಟ್ಟಗಾದ ಕೊಳವೆ ಮುಳ್ಳನ್ನು ಸೊನ್ನೆಗಿಂತ ಕೆಳಗೆ ಎಳೆಯುತ್ತಿದ್ದರೂ ಮೊಳೆ ಅದನ್ನು ಮರೆಮಾಡುತ್ತದೆ. ಆದ್ದರಿಂದ ಸ್ವಿಚ್ ಹಾಕಿದಾಗ ಕಣ್ಣಿಟ್ಟು ನೋಡಿ. ಪಂಪು ಎಳೆಯತೊಡಗಿದ ಕೂಡಲೇ ಮುಳ್ಳು ಅಲುಗಬೇಕು. ಕ್ಷಣಕಾಲ ಮೊಳೆಗೆ ಅಂಟಿದಂತೆ ನಿಂತು ಆಮೇಲೆ ಏರಿದರೆ ಗೇಜ್ ಕಡಿಮೆ ತೋರಿಸುತ್ತಿರುವ ಸಂಭವವಿದೆ.

ಮೂರು: ಯಂತ್ರ ಓಡುವಾಗ ಬೆರಳ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ. ಮುಳ್ಳು ಹಾರಿ ಬೇರೆ ಅಂಕಿಗೆ ಹೋಗಿ ನಿಂತರೆ ಒಳಗಿನ ಹಲ್ಲುಚಕ್ರ ಸಿಕ್ಕಿಕೊಳ್ಳುತ್ತಿದೆ. ಗಾಜಿನೊಳಗೆ ಮಂಜು ಕಟ್ಟಿದ್ದರೂ ಅನುಮಾನಿಸಿ.

ನಾಲ್ಕು: ಯಂತ್ರ ನಿಲ್ಲಿಸಿ ಗಾಳಿ ಬಿಡಿ. ಮುಳ್ಳು ಒಂದೇ ಓಟದಲ್ಲಿ ಕೆಳಗೆ ಬರಬೇಕು. 20ರಲ್ಲೋ 30ರಲ್ಲೋ ತಡೆದು ನಿಧಾನವಾಗಿ ಇಳಿದರೆ ಗೇಜಿನ ಬಾಯಿ ಕಟ್ಟಿಕೊಂಡಿದೆ, ಇಲ್ಲವೇ ಚಕ್ರ ಬಿಗಿಯಾಗಿದೆ. ಗೇಜ್ ಬಿಚ್ಚಿ ಅದು ಕೂರುವ ನಳಿಕೆಯನ್ನು ಬಿಸಿನೀರಿನಿಂದ ತೊಳೆದು ಒಣಗಿಸಿ. ಗೇಜಿನ ತೂತಿಗೆ ತಂತಿಯನ್ನಾಗಲಿ ಸೂಜಿಯನ್ನಾಗಲಿ ತೂರಿಸಬೇಡಿ, ಒಳಗಿನ ಕೊಳವೆ ಹಾಳಾಗುತ್ತದೆ.

ಐದು: ಕೊನೆಯ ಮಾತು ಹೇಳುವುದು ಇನ್ನೊಂದು ಗೇಜ್. ಪೈಪಿಗೆ ಒಂದು ಟಿ-ಜಾಯಿಂಟ್ ಹಾಕಿ ಸರಿ ಇದೆಯೆಂದು ಗೊತ್ತಿರುವ ಗೇಜನ್ನು ಪಕ್ಕದಲ್ಲೇ ಕೂರಿಸಿ ಎರಡನ್ನೂ ಒಟ್ಟಿಗೆ ನೋಡಿ. 2 ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಹಳೆಯ ಗೇಜ್ ಬದಲಾಯಿಸಿ. “ಇದು 8 ಕಡಿಮೆ ತೋರಿಸುತ್ತೆ, ನಾವೇ ಕೂಡಿಸಿಕೊಳ್ತೀವಿ” ಎಂಬ ಲೆಕ್ಕ ಬೇಡ. ಕೆಟ್ಟ ಗೇಜಿನ ತಪ್ಪು ಎಲ್ಲ ಅಂಕಿಯಲ್ಲೂ ಒಂದೇ ಸಮ ಇರುವುದಿಲ್ಲ.

ಕಪ್ಪಿನೊಳಗೆ ಹೆಬ್ಬೆರಳಿಟ್ಟು ಸೆಳೆತ ನೋಡುವ ರೂಢಿ ಹಲವರಲ್ಲಿದೆ. ಲೈನರ್ ಬೆರಳನ್ನು ಹಿಸುಕಿ ಬಿಡುತ್ತಿದೆಯೇ, ನಿಮಿಷಕ್ಕೆ ಸುಮಾರು 60 ಸಲ ಆಗುತ್ತಿದೆಯೇ ಎಂದು ಎಣಿಸಿ ಪಲ್ಸೇಟರ್ ಪರೀಕ್ಷಿಸಲು ಅದು ಒಳ್ಳೆಯ ಉಪಾಯ. ಆದರೆ ಸೆಳೆತ 44 ಇದೆಯೋ 53 ಇದೆಯೋ ಎಂದು ಬೆರಳು ಹೇಳಲಾರದು.

ನಾಲ್ಕು ಸನ್ನಿವೇಶಗಳು

ಗೇಜ್ ಏನು ಹೇಳುತ್ತಿದೆ, ರೆಗ್ಯುಲೇಟರ್ ಏನು ಹೇಳುತ್ತಿದೆ, ಹಸು ಏನು ಹೇಳುತ್ತಿದೆ ಎಂಬ ಮೂರನ್ನೂ ಜೊತೆಗಿಟ್ಟು ನೋಡಿದರೆ ದಾರಿ ಕಾಣುತ್ತದೆ.

1. ಮುಳ್ಳು ಕೆಳಗಿದೆ, ಆದರೆ ರೆಗ್ಯುಲೇಟರ್ ಜೋರಾಗಿ ಗಾಳಿ ಎಳೆಯುತ್ತಿದೆ, ಕಪ್ಪುಗಳು ಗಟ್ಟಿಯಾಗಿ ನಿಂತಿವೆ, ಕರೆಯುವ ಸಮಯವೂ ಹಿಂದಿನಷ್ಟೇ ಇದೆ. ಪಂಪಿಗೆ ಶಕ್ತಿ ಉಳಿದಿದೆ ಎಂದರ್ಥ. ಗೇಜಿನ ಮೇಲೆಯೇ ಮೊದಲ ಅನುಮಾನ.

2. ಮುಳ್ಳು ಕೆಳಗಿದೆ, ರೆಗ್ಯುಲೇಟರಿನಲ್ಲಿ ಸದ್ದೇ ಇಲ್ಲ, ಕಪ್ಪುಗಳು ಜಾರುತ್ತಿವೆ, ಕೀಚಲು ಸದ್ದು ಬರುತ್ತಿದೆ. ಇಲ್ಲಿ ಗೇಜ್ ಬಹುಮಟ್ಟಿಗೆ ನಿಜ ಹೇಳುತ್ತಿದೆ. ಸೋರಿಕೆ ಇದೆ ಅಥವಾ ಪಂಪು ಸೋತಿದೆ.

3. ಮುಳ್ಳು ಸರಿಯಾದ ಗೆರೆಯಲ್ಲಿದೆ, ಆದರೂ ಕಪ್ಪುಗಳು ಬೀಳುತ್ತಿವೆ. ಗೇಜ್ ಅಂಟಿಕೊಂಡಿರಬಹುದು. ಅಥವಾ ಗೇಜ್ ಇರುವ ಜಾಗದಲ್ಲಿ ಸೆಳೆತ ಸರಿಯಿದ್ದು, ಅಲ್ಲಿಂದ ಕೆಚ್ಚಲಿನವರೆಗಿನ ಪೈಪು, ಮುಚ್ಚಳದ ರಬ್ಬರು, ಲೈನರ್ ಇವುಗಳಲ್ಲಿ ಎಲ್ಲೋ ಸೋರುತ್ತಿರಬಹುದು.

4. ಮುಳ್ಳು ಸರಿಯಾಗಿದೆ ಅಥವಾ ಕೆಳಗಿದೆ, ಆದರೆ ಕಪ್ಪು ತೆಗೆದಾಗ ತೊಟ್ಟು ನೀಲಿಯಾಗಿದೆ, ಬುಡದಲ್ಲಿ ಗಟ್ಟಿ ಉಂಗುರದ ಗುರುತು ಬಿದ್ದಿದೆ, ಹಸು ಕಾಲು ಝಾಡಿಸುತ್ತಿದೆ. ಇದು ಅತಿ ಅಪಾಯದ ಸ್ಥಿತಿ. ಸೆಳೆತ ನಿಜಕ್ಕೂ ಹೆಚ್ಚಿದ್ದು ಗೇಜ್ ಅದನ್ನು ಮುಚ್ಚಿಡುತ್ತಿರಬಹುದು. ಲೈನರ್ ಅಥವಾ ಪಲ್ಸೇಟರಿನ ದೋಷವೂ ಇರಬಹುದು. ಕಾರಣ ತಿಳಿಯುವವರೆಗೆ ಯಂತ್ರ ಹಾಕಬೇಡಿ.

ಕಳೆದ ವರ್ಷ ನಾನು ನೋಡಿದ ಒಂದು ಕೊಟ್ಟಿಗೆಯಲ್ಲಿ ನಾಲ್ಕನೆಯದೇ ನಡೆದಿತ್ತು. 6 ಹಸುಗಳು, ಏಳು ವರ್ಷದ ಯಂತ್ರ. ಮುಳ್ಳು 36ರಲ್ಲಿ ನಿಂತಿತ್ತು. ಮನೆಯವರು 44 ಕಾಣುವವರೆಗೆ ರೆಗ್ಯುಲೇಟರಿನ ತಿರುಪು ಬಿಗಿ ಮಾಡಿದರು. ಎರಡು ವಾರದೊಳಗೆ ಹಸುಗಳು ಯಂತ್ರ ಕಂಡರೆ ಹಿಂದೆ ಸರಿಯತೊಡಗಿದವು, ಎರಡಕ್ಕೆ ಕೆಚ್ಚಲು ಬಾವು ಬಂತು. ಪರೀಕ್ಷಾ ಗೇಜ್ ಹಾಕಿ ನೋಡಿದಾಗ ನಿಜವಾದ ಸೆಳೆತ 53 ಇತ್ತು. ಅಂದರೆ ಗೇಜ್ 9ರಷ್ಟು ಕಡಿಮೆ ತೋರಿಸುತ್ತಿತ್ತು. ಮೊದಲು 36 ಕಂಡಾಗ ಯಂತ್ರದ ಸೆಳೆತ 45ರ ಆಸುಪಾಸಿನಲ್ಲಿ ಸರಿಯಾಗಿಯೇ ಇತ್ತು. ಒಂದು ಹಸು ಗುಣವಾಯಿತು. ಇನ್ನೊಂದರ ಹಿಂದಿನ ಎಡ ಮೊಲೆಯಲ್ಲಿ ಆ ಸೂಲಿನಲ್ಲಿ ಮತ್ತೆ ಹಾಲು ಬರಲಿಲ್ಲ. ಆ ಅಕ್ಕ ಕೇಳಿದ್ದು ಒಂದೇ ಮಾತು: “ಮೀಟರ್ ನೋಡ್ಕೊಂಡೇ ಮಾಡಿದ್ವಲ್ಲ ಡಾಕ್ಟ್ರೇ?” ಅವರು ಕೇಳಿದ್ದು ನ್ಯಾಯವಾದ ಮಾತೇ. ಮೀಟರನ್ನೂ ಪರೀಕ್ಷಿಸಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಗೇಜ್ ನಿಜ ಹೇಳುತ್ತಿದ್ದರೆ

ಮುಳ್ಳು ಕೆಳಗಿರುವುದು ನಿಜವೆಂದು ಖಚಿತವಾದ ಮೇಲೆ ಯಂತ್ರದ ಕಡೆ ಬನ್ನಿ. ಬಕೆಟ್ಟಿಗೆ ಹೋಗುವ ರಬ್ಬರ್ ಪೈಪನ್ನು ಮಡಚಿ ಬಿಗಿಯಾಗಿ ಹಿಡಿಯಿರಿ. ಗೇಜ್ ಪಂಪಿನ ಕಡೆ ಇದ್ದರೆ, ಮುಳ್ಳು ಮೇಲೇರಿ ರೆಗ್ಯುಲೇಟರ್ ಸದ್ದು ಮಾಡತೊಡಗಿದಾಗ ಸೋರಿಕೆ ಬಕೆಟ್ಟಿನ ಕಡೆ ಇದೆ ಎಂದು ತಿಳಿಯಿರಿ. ಮುಚ್ಚಳದ ರಬ್ಬರು, ಬಿರುಕುಬಿಟ್ಟ ಪೈಪು, ಲೈನರಿನ ಸೀಳು ಹುಡುಕಿ. ಮುಳ್ಳು ಏರದಿದ್ದರೆ ದೋಷ ಪಂಪಿನ ಕಡೆ ಇದೆ.

ಪಂಪಿನ ಕಡೆ ನೋಡುವಾಗ ಮೊದಲು ಸ್ವಿಚ್ ತೆಗೆದು ಪ್ಲಗ್ ಕಿತ್ತುಬಿಡಿ. ಸೆರಗು, ಜಡೆ, ಬಳೆ ಬೆಲ್ಟಿನ ಹತ್ತಿರ ಹೋಗದಂತೆ ಎಚ್ಚರವಿರಲಿ. ಬೆಲ್ಟಿನ ಮೇಲಿನ ಜಾಲರಿ ತೆಗೆದಿಟ್ಟು ಯಂತ್ರ ಓಡಿಸಲೇಬೇಡಿ. ಬೆಲ್ಟ್ ಸಡಿಲವಾಗಿದ್ದರೆ ಪಂಪು ನಿಧಾನವಾಗಿ ತಿರುಗಿ ಸೆಳೆತ ಬೀಳುತ್ತದೆ. ಆಯಿಲ್ ಹಾಕುವ ಬಗೆಯ ಪಂಪಾದರೆ ಆಯಿಲ್ ಕಪ್ಪಿನ ಮಟ್ಟ ನೋಡಿ. ಆ ಪಂಪಿನೊಳಗಿನ ಪಟ್ಟಿಗಳಿಗೂ ಗೋಡೆಗೂ ನಡುವಿನ ಸಂದನ್ನು ಆಯಿಲ್ಲೇ ಮುಚ್ಚುತ್ತದೆ. ಆಯಿಲ್ ಇಲ್ಲದಿದ್ದರೆ ಪಟ್ಟಿ ಸವೆಯುತ್ತದೆ, ಗಾಳಿ ಹಿಂದಕ್ಕೆ ನುಸುಳುತ್ತದೆ. ಕೈಪಿಡಿಯಲ್ಲಿ ಹೇಳಿದ ಆಯಿಲ್ ಮಾತ್ರ ಹಾಕಿ. ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಆಯಿಲ್ಲಾಗಲಿ ಅಡುಗೆ ಎಣ್ಣೆಯಾಗಲಿ ಬೇಡ.

ಸಂಜೆ ಹೊತ್ತು ಊರಲ್ಲಿ ವೋಲ್ಟೇಜ್ ಬಿದ್ದಾಗ ಮಾತ್ರ ಮುಳ್ಳು ಕೆಳಗಿದ್ದು, ಬೆಳಿಗ್ಗೆ ಸರಿಯಾಗುತ್ತಿದ್ದರೆ ಕಾರಣ ಕರೆಂಟ್ ಇರಬಹುದು. ಲೈನ್‌ಮ್ಯಾನ್ ಅಥವಾ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಒದ್ದೆ ನೆಲದ ಕೊಟ್ಟಿಗೆಯಲ್ಲಿ ಅರ್ಥಿಂಗ್ ಸರಿಯಾಗಿರುವುದು ನಿಮಗೂ ಹಸುವಿಗೂ ಜೀವದ ಪ್ರಶ್ನೆ.

ಮುಳ್ಳು ಗೆರೆಗಿಂತ ಮೇಲಿದ್ದು ಅದು ನಿಜವೂ ಆಗಿದ್ದರೆ ರೆಗ್ಯುಲೇಟರಿನಲ್ಲಿ ಧೂಳು ಕಟ್ಟಿರುವ ಸಾಧ್ಯತೆ ಹೆಚ್ಚು. ಗಾಳಿ ಒಳಬರಲು ದಾರಿಯಿಲ್ಲದೆ ಸೆಳೆತ ಏರುತ್ತಲೇ ಹೋಗುತ್ತದೆ. ರೆಗ್ಯುಲೇಟರಿನ ಜಾಲರಿಯನ್ನು ಒಣ ಬ್ರಶ್ಶಿನಿಂದ ಶುಚಿಗೊಳಿಸಿ. ತಿರುಪು ಹೊಂದಿಸುವ ಕೆಲಸ ಮಾತ್ರ ಪರೀಕ್ಷಾ ಗೇಜ್ ಹಿಡಿದ ತಂತ್ರಜ್ಞರಿಂದಲೇ ಆಗಲಿ.

ಹಸುವೇ ದೊಡ್ಡ ಸಾಕ್ಷಿ

ಕಪ್ಪು ತೆಗೆದ ಒಂದು ನಿಮಿಷದೊಳಗೆ ನಾಲ್ಕೂ ತೊಟ್ಟುಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ತೊಟ್ಟು ಮೆತ್ತಗಿರಬೇಕು, ಬಣ್ಣ ಮೊದಲಿನಂತೆಯೇ ಇರಬೇಕು. ಕೆಂಪಾಗುವುದು, ನೀಲಿಯಾಗುವುದು, ತುದಿ ಬಾತುಕೊಳ್ಳುವುದು ಆ ಹೊತ್ತಿನ ಸೂಚನೆಗಳು. ತುದಿಯ ತೂತಿನ ಸುತ್ತ ಬಿಳಿ ಒರಟು ಉಂಗುರ ಬೆಳೆಯುವುದು ವಾರಗಳಿಂದ ನಡೆದ ತೊಂದರೆಯ ಗುರುತು. ಒರಟಾದ ತುದಿಯಲ್ಲಿ ರೋಗಾಣುಗಳು ನೆಲೆಸುತ್ತವೆ, ತೊಟ್ಟಿನ ಬಾಗಿಲು ಸರಿಯಾಗಿ ಮುಚ್ಚದು. ಅಲ್ಲಿಂದ ಕೆಚ್ಚಲು ಬಾವಿಗೆ ದಾರಿ ಹತ್ತಿರ.

ಸೆಳೆತ ಕಡಿಮೆಯಾದರೂ ಕ್ಷೇಮವಲ್ಲ. ಕಪ್ಪು ಜಾರಿ ಗಾಳಿ ನುಗ್ಗಿದಾಗ ಹಾಲಿನ ಹನಿಗಳು ತಿರುಗಿ ತೊಟ್ಟಿನ ತುದಿಗೆ ರಭಸದಿಂದ ಬಡಿಯುತ್ತವೆ. ಆ ಹನಿಗಳಲ್ಲಿ ರೋಗಾಣುಗಳಿದ್ದರೆ ಒಂದು ತೊಟ್ಟಿನಿಂದ ಇನ್ನೊಂದಕ್ಕೆ ದಾಟುತ್ತವೆ. ಸಾಮಾನ್ಯವಾಗಿ 5ರಿಂದ 7 ನಿಮಿಷದಲ್ಲಿ ಕರೆದು ಮುಗಿಯುವ ಹಸು 10 ನಿಮಿಷ ತೆಗೆದುಕೊಳ್ಳತೊಡಗಿದರೆ ಅದೂ ಒಂದು ದೂರು ಎಂದೇ ತಿಳಿಯಿರಿ.

ಅನುಮಾನವಿದ್ದಾಗ ಸಿ.ಎಂ.ಟಿ. ದ್ರಾವಣದಿಂದ ನಾಲ್ಕೂ ಮೊಲೆಗಳ ಹಾಲನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರೆ ಕಣ್ಣಿಗೆ ಕಾಣದ ಬಾವೂ ಗೊತ್ತಾಗುತ್ತದೆ. ಕರೆದ ಮೇಲೆ ತೊಟ್ಟುಗಳನ್ನು ಔಷಧಿ ದ್ರಾವಣದಲ್ಲಿ ಅದ್ದಿ, ಹಸುವಿನ ಮುಂದೆ ಸ್ವಲ್ಪ ಮೇವು ಹಾಕಿ ಅರ್ಧ ಗಂಟೆಯಾದರೂ ಮಲಗದಂತೆ ನೋಡಿಕೊಳ್ಳಿ. ತೊಟ್ಟಿನ ಬಾಗಿಲು ಮುಚ್ಚಿಕೊಳ್ಳಲು ಆ ಸಮಯ ಬೇಕು.

ಪುಸ್ತಕದಲ್ಲಿ ಬರೆದಿಡಿ

ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ವಾರಕ್ಕೊಮ್ಮೆ ಮೂರು ಅಂಕಿ ಬರೆಯಿರಿ: ಯಂತ್ರ ನಿಂತಾಗ ಮುಳ್ಳು ಎಲ್ಲಿತ್ತು, ಓಡುವಾಗ ಎಲ್ಲಿತ್ತು, ಒಂದು ಹಸುವಿಗೆ ಎಷ್ಟು ನಿಮಿಷ ಹಿಡಿಯಿತು. ರಬ್ಬರ್ ಲೈನರ್ ಹಾಕಿದ ದಿನವನ್ನೂ ಬರೆದಿಟ್ಟು, 2,500 ಕರೆತ ಅಥವಾ 6 ತಿಂಗಳು, ಯಾವುದು ಮೊದಲೋ ಆಗ ಬದಲಾಯಿಸಿ. 6 ಹಸುಗಳನ್ನು ದಿನಕ್ಕೆ ಎರಡು ಹೊತ್ತು ಕರೆಯುವ ಯಂತ್ರದಲ್ಲಿ ದಿನಕ್ಕೆ 12 ಕರೆತ. ಹಾಗಾದರೆ ಸುಮಾರು 7 ತಿಂಗಳಿಗೆ 2,500 ಆಗುತ್ತದೆ, ಅದಕ್ಕೂ ಮೊದಲೇ 6 ತಿಂಗಳ ಗಡುವು ಬರುತ್ತದೆ.

ಕೊನೆಯದಾಗಿ ಒಂದು ಸಲಹೆ. ಪರೀಕ್ಷಾ ಗೇಜ್ ಪ್ರತಿ ಮನೆಯಲ್ಲೂ ಇರಬೇಕಿಲ್ಲ. ಸಂಘದಲ್ಲಿ ಒಂದು ಒಳ್ಳೆಯ ಗೇಜ್, ಒಂದು ಟಿ-ಜಾಯಿಂಟ್, ಒಂದು ಮೊಳ ಪೈಪು ಡಬ್ಬಿಯಲ್ಲಿಟ್ಟು, ಅದನ್ನು ಯಾವ ಯಂತ್ರಕ್ಕೂ ಕಾಯಂ ಆಗಿ ಹಾಕದೆ ಪರೀಕ್ಷೆಗೆ ಮಾತ್ರ ಬಳಸಿದರೆ ಊರಿನ ಎಲ್ಲ ಯಂತ್ರಗಳಿಗೂ ಸಾಕು. ಕೆಚ್ಚಲು ಬಾವು ಬಂದರೆ ಔಷಧಿಯ ಖರ್ಚಿನ ಜೊತೆಗೆ ಔಷಧಿಯ ಅವಧಿ ಮುಗಿಯುವವರೆಗೆ ಆ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ. ಅದರ ಮುಂದೆ ಗೇಜಿನ ಬೆಲೆ ಸಣ್ಣದು. ಮುಂದಿನ ತಿಂಗಳ ಸಭೆಯಲ್ಲಿ ಈ ವಿಷಯವನ್ನು ಅಧ್ಯಕ್ಷರು, ಕಾರ್ಯದರ್ಶಿಯವರ ಮುಂದಿಡಿ. ಗೇಜ್ ಬಂದ ಮೇಲೆ ತಿಳಿಸಿದರೆ, ಪಶುವೈದ್ಯರ ಮಾರ್ಗ ಭೇಟಿಯ ದಿನ ನಿಮ್ಮ ಕೊಟ್ಟಿಗೆಯಲ್ಲೇ ಅದನ್ನು ಜೋಡಿಸಿ ತೋರಿಸಿಕೊಡುತ್ತೇವೆ.

– ಪಶುವೈದ್ಯಾಧಿಕಾರಿ, ತಾಂತ್ರಿಕ ವಿಭಾಗ